ಫ್ಯಾನ್ ಬೆಲ್ಟು ಕೂಗಿದಾಗ



ನಮ್ಮ ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆ ಈಗ ಎತ್ತಿನ ಗೆಜ್ಜೆಗಿಂತ ಎಂಜಿನ್ನಿನ ಸದ್ದೇ ಹೆಚ್ಚು. ಕಬ್ಬು ಹೇರುವ ಟ್ರ್ಯಾಕ್ಟರು, ದ್ರಾಕ್ಷಿ ಪೆಟ್ಟಿಗೆ ಒಯ್ಯುವ ಟೆಂಪೋ, ಸಂತೆಗೆ ಮಂದಿಯನ್ನು ತುಂಬಿಕೊಂಡು ಹೋಗುವ ಜೀಪು. ಇವೆಲ್ಲವುಗಳಿಂದ ಆಗಾಗ 'ಕೀಂಯ್' ಎಂದು ಕಿವಿಗೆ ಚುಚ್ಚುವ ಒಂದು ದನಿ ಬರುತ್ತದೆ. ಅದು ಫ್ಯಾನ್ ಬೆಲ್ಟಿನ ದನಿ. ಮರಾಠಿ ಮಿಸ್ತ್ರಿಗಳು 'ಪಟ್ಟಾ' ಅನ್ನುತ್ತಾರೆ, ನಮ್ಮ ಹಿರಿಯರೂ ಹಾಗೇ ಅನ್ನುತ್ತಿದ್ದರು. ಇಂದಿನ ನನ್ನ ಮಾತು ಆ ದನಿಯ ಬಗ್ಗೆ. ಅದು ಯಾಕೆ ಬರುತ್ತದೆ, ಅದನ್ನು ಹೇಗೆ ನಿಲ್ಲಿಸಬೇಕು, ಯಾವ ರೀತಿಯಿಂದ ನಿಲ್ಲಿಸಬಾರದು, ಇಷ್ಟನ್ನು ಹೇಳುತ್ತೇನೆ.

ನಾನು ಮಿಸ್ತ್ರಿಯಲ್ಲ. ಮ್ಯಾಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಕಾರಕೂನನಾಗಿ ಸೇರಿ, ಟ್ರ್ಯಾಕ್ಟರ್ ಮತ್ತು ಟೆಂಪೋ ಸಾಲದ ಕಾಗದ ನೋಡುತ್ತಲೇ ನಿವೃತ್ತನಾದವನು. ಹಾಗಿದ್ದರೆ ಬೆಲ್ಟಿನ ಉಸಾಬರಿ ನಿಮಗೇಕೆ ಎಂದು ಕೇಳಬಹುದು. ಸಾಲದ ಖಾತೆ ಹದಗೆಡುವುದಕ್ಕೆ ಬರಗಾಲವೊಂದೇ ಕಾರಣವಲ್ಲ ಎಂಬುದನ್ನು ನಾನು ಆ ಮೇಜಿನ ಹಿಂದೆ ಕೂತು ನೋಡಿದ್ದೇನೆ. ಸುಗ್ಗಿಯ ಹೊತ್ತಿಗೆ ಎಂಜಿನ್ ನಿಂತರೂ ಕಂತು ನಿಲ್ಲುತ್ತದೆ. ಎಂಜಿನ್ ಬಿಚ್ಚಿದ ಮನೆಗಳ ಲೆಕ್ಕ ಕೇಳುತ್ತ ಹೋದರೆ ಎಷ್ಟೋ ಸಲ ಕತೆ ಒಂದು ರಬ್ಬರ್ ಪಟ್ಟಿಗೆ ಬಂದು ಮುಟ್ಟುತ್ತಿತ್ತು. ಅಂದಿನಿಂದ ನಾನು ಗ್ಯಾರೇಜಿನ ಕಟ್ಟೆಯ ಮೇಲೆ ಕೂತು, ಮಿಸ್ತ್ರಿಗಳನ್ನು ಕೇಳಿ, ಕಂಪನಿಯ ಪುಸ್ತಕ ಓದಿ ತಿಳಿದುಕೊಂಡದ್ದು ಇದು.

ಮೊದಲು ಬೆಲ್ಟಿನ ಕೆಲಸವೇನು ನೋಡೋಣ. ಎಂಜಿನ್ನಿನ ಮುಂಭಾಗದಲ್ಲಿ, ಕೆಳಗೆ, ಒಂದು ದೊಡ್ಡ ಪುಲ್ಲಿ ತಿರುಗುತ್ತದೆ. ಬೆಲ್ಟು ಅದರ ಬಲವನ್ನು ಮೇಲಿನ ಪುಲ್ಲಿಗಳಿಗೆ ಮುಟ್ಟಿಸುತ್ತದೆ. ಒಂದು ಪುಲ್ಲಿ ನೀರಿನ ಪಂಪಿನದು. ಎಂಜಿನ್ನಿನ ಬಿಸಿ ನೀರನ್ನು ರೇಡಿಯೇಟರಿಗೆ ಕಳಿಸಿ ತಣ್ಣಗಿನ ನೀರನ್ನು ಒಳಗೆ ತರುವುದು ಅದರ ಕೆಲಸ. ಟ್ರ್ಯಾಕ್ಟರು ಮತ್ತು ಹಳೆಯ ಜೀಪುಗಳಲ್ಲಿ ಫ್ಯಾನೂ ಅದೇ ಪುಲ್ಲಿಯ ಮೇಲಿರುತ್ತದೆ. ಇನ್ನೊಂದು ಆಲ್ಟರ್ನೇಟರಿನದು, ಹಳಬರು ಡೈನಮೋ ಅನ್ನುವುದು. ಅದು ಬ್ಯಾಟರಿಗೆ ವಿದ್ಯುತ್ತು ತುಂಬುತ್ತದೆ. ಪವರ್ ಸ್ಟೇರಿಂಗ್, ಎ.ಸಿ. ಇರುವ ಗಾಡಿಗಳಲ್ಲಿ ಅವುಗಳ ಪುಲ್ಲಿಗಳೂ ಬೆಲ್ಟಿನಿಂದಲೇ ತಿರುಗುತ್ತವೆ.

ಇಲ್ಲಿ ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಕೆಲವು ಡೀಸೆಲ್ ಜೀಪು, ಟೆಂಪೋಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಒಂದು ಸಣ್ಣ ವ್ಯಾಕ್ಯೂಮ್ ಪಂಪು ಇರುತ್ತದೆ. ಬ್ರೇಕ್ ಪೆಡಲು ಹಗುರಾಗಿ ಒತ್ತುವಂತೆ ಮಾಡುವುದು ಅದೇ. ಅಂಥ ಗಾಡಿಯಲ್ಲಿ ಬೆಲ್ಟು ಹರಿದರೆ ಸ್ವಲ್ಪ ಹೊತ್ತಿನಲ್ಲಿ ಬ್ರೇಕು ಕಲ್ಲಿನಂತೆ ಬಿಗಿಯಾಗುತ್ತದೆ. ಇಳಿಜಾರಿನಲ್ಲಿ, ಹಿಂದೆ ಹದಿನೈದು ಮಂದಿ ಕೂತಾಗ, ಇದು ಜೀವದ ಪ್ರಶ್ನೆ. ಬೆಲ್ಟು ಫ್ಯಾನಿಗೆ ಮಾತ್ರ ಸಂಬಂಧಪಟ್ಟದ್ದೆಂದು ಉದಾಸೀನ ಮಾಡುವವರು ಇದನ್ನು ಮರೆಯಬಾರದು.

ಇನ್ನು ದನಿ ಯಾಕೆ ಬರುತ್ತದೆ? ಚಕ್ಕಡಿಯ ಗಾಲಿ ಕಿರುಗುಟ್ಟಿದರೆ ನಮ್ಮ ಅಜ್ಜಂದಿರು ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಬಾಗಿಲ ತಿರುಗಣಿ ಕೂಗಿದರೆ ನಾವು ಎರಡು ಹನಿ ಎಣ್ಣೆ ಬಿಡುತ್ತೇವೆ. ಆ ರೂಢಿಯಿಂದ ಬೆಲ್ಟು ಕೂಗಿದರೂ ಕೈ ಎಣ್ಣೆಯ ಡಬ್ಬಿಗೆ ಹೋಗುತ್ತದೆ. ಇಲ್ಲೇ ದಾರಿ ತಪ್ಪುವುದು. ಗಾಲಿ ಅಚ್ಚಿನ ಮೇಲೆ ಜಾರಬೇಕು, ಜಾರದಿದ್ದಾಗ ಕೂಗುತ್ತದೆ. ಬೆಲ್ಟು ಪುಲ್ಲಿಯ ಮೇಲೆ ಜಾರಬಾರದು, ಜಾರಿದಾಗ ಕೂಗುತ್ತದೆ. ಒಂದಕ್ಕೆ ಔಷಧವಾದದ್ದು ಇನ್ನೊಂದಕ್ಕೆ ವಿಷ. ಎಣ್ಣೆ ಬಿದ್ದರೆ ಬೆಲ್ಟಿನ ರಬ್ಬರು ಉಬ್ಬಿ ಮೆತ್ತಗಾಗಿ ಕೆಡುತ್ತದೆ, ಮತ್ತಷ್ಟು ಜಾರುತ್ತದೆ.

ಹಳೆಯ ಮಾದರಿಯ ಬೆಲ್ಟನ್ನು ಅಡ್ಡ ಕೊಯ್ದು ನೋಡಿದರೆ ಮೇಲೆ ಅಗಲ, ಕೆಳಗೆ ಕಿರಿದು. ಪುಲ್ಲಿಯ ಗಾಡಿಯೂ ಹಾಗೇ ಇರುತ್ತದೆ. ಬೆಲ್ಟು ಅದರಲ್ಲಿ ಬೆಣೆಯಂತೆ ಕೂತು ತನ್ನ ಎರಡು ಪಕ್ಕೆಗಳಿಂದ ಹಿಡಿಯುತ್ತದೆ, ತಳದಿಂದಲ್ಲ. ಪಕ್ಕೆ ಸವೆದು ಬೆಲ್ಟು ತಳ ಮುಟ್ಟಿತೆಂದರೆ ಹಿಡಿತ ಹೋಯಿತು. ಪುಲ್ಲಿಯ ಗಾಡಿಯ ತಳ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಅದೇ ಸಾಕ್ಷಿ. ಹಿಟ್ಟಿನ ಗಿರಣಿಯ ಚಪ್ಪಟೆ ಪಟ್ಟಾಕ್ಕೆ ರಾಳ ಹಚ್ಚುವುದನ್ನು ನೀವು ನೋಡಿರಬಹುದು. ಆ ಪಟ್ಟಾ ತನ್ನ ಹೊಟ್ಟೆಯಿಂದ ಹಿಡಿಯುತ್ತದೆ, ಅದರ ಮಾತು ಬೇರೆ. ಎಂಜಿನ್ನಿನ ಬೆಲ್ಟಿಗೆ ರಾಳ ಬೇಡ, ಸಾಬೂನು ಬೇಡ, ಮೇಣಬತ್ತಿ ಬೇಡ, ಪೌಡರೂ ಬೇಡ. ಇವುಗಳಿಂದ ದನಿ ಒಂದು ದಿನ ಅಡಗೀತು. ಆದರೆ ನಮ್ಮ ಕಡೆಯ ಕಪ್ಪು ಮಣ್ಣಿನ ಧೂಳು ಅಂಟಿಕೊಂಡು ಉಜ್ಜುಕಾಗದದಂತೆ ಬೆಲ್ಟನ್ನೂ ಪುಲ್ಲಿಯನ್ನೂ ತಿನ್ನುತ್ತದೆ.

ಜಾರುವುದು ಒಮ್ಮೆ ಆರಂಭವಾದರೆ ತಾನಾಗಿ ನಿಲ್ಲುವುದಿಲ್ಲ. ಜಾರಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಪಕ್ಕೆ ಗಾಜಿನಂತೆ ನುಣುಪಾಗುತ್ತದೆ, ನುಣುಪಾದರೆ ಇನ್ನೂ ಜಾರುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಚಕ್ರಬಡ್ಡಿ. ಮೊದಲ ವಾರ ತೀರಿಸಿದರೆ ಸಣ್ಣ ರಕಮು, ಬಿಟ್ಟರೆ ಬಡ್ಡಿಯ ಮೇಲೆ ಬಡ್ಡಿ.

ಒಮ್ಮೆ ನಮ್ಮ ಶಾಖೆಗೆ ಒಬ್ಬ ತರುಣ ರೈತ ಬಂದ. ಕಬ್ಬಿನ ಹಂಗಾಮು ಅರ್ಧ ಮುಗಿದಿತ್ತು. ಕಂತು ಮುಂದೂಡಿ ಎಂದು ಅರ್ಜಿ ತಂದಿದ್ದ. ಟ್ರ್ಯಾಕ್ಟರಿನ ನೀರು ಕುದಿದು, ಹೆಡ್ಡು ಸೀಳಿ, ಎಂಜಿನ್ ಪೂರ್ತಿ ಬಿಚ್ಚಿ ಹಾಕಿದ್ದರು. ಮೊದಲು ಏನೂ ಸುಳಿವು ಸಿಗಲಿಲ್ಲವೇ ತಮ್ಮಾ ಎಂದು ಕೇಳಿದೆ. "ಸುಳಿವು ಅಂದ್ರ ಏನ್ರಿ ಸಾಹೇಬ್ರ, ತಿಂಗಳಾತು ಚೀಂಯ್ ಅಂತಿತ್ತು. ಕಿವಿಗೆ ತ್ರಾಸ ಆಗ್ತದ ಅಂತ ಹಾಡಿನ ಆವಾಜ ಏರ್ಸಿದ್ವಿ" ಎಂದ. ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಮೇಲಿನ ಹಾಡು ಎಷ್ಟು ಜೋರಾಗಿರುತ್ತದೆಂದು ನಿಮಗೆ ಗೊತ್ತೇ ಇದೆ. ಬೆಲ್ಟು ಒಂದು ತಿಂಗಳು ಕೂಗಿ ಕೂಗಿ ಒಂದು ದಿನ ಹರಿಯಿತು. ಹಾಡು ಮಾತ್ರ ನಡೆದೇ ಇತ್ತು. ಬೆಲ್ಟಿನ ಬೆಲೆ ನೂರರ ಲೆಕ್ಕದ್ದು, ಎಂಜಿನ್ನಿನ ಬಿಲ್ಲು ಹತ್ತಾರು ಸಾವಿರದ್ದು. ಹೋದ ಹಂಗಾಮಿನ ಬಾಡಿಗೆ ಬೇರೆ. ಆ ಅರ್ಜಿಯನ್ನು ನಾನೇ ಮೇಲಿನವರಿಗೆ ಒಯ್ದು ಕೊಟ್ಟೆ, ಕಂತೂ ಮುಂದಕ್ಕೆ ಹೋಯಿತು. ಆದರೆ ಮುಂದೂಡಿದ ಕಂತಿಗೂ ಬಡ್ಡಿ ಇರುತ್ತದೆಯಲ್ಲವೇ?

ಆದ್ದರಿಂದ ದನಿ ಕೇಳಿದ ದಿನವೇ ಪರೀಕ್ಷೆ ಮಾಡಬೇಕು. ಐದು ಪರೀಕ್ಷೆಗಳನ್ನು ಹೇಳುತ್ತೇನೆ.

ಮೊದಲನೆಯದು ಕಿವಿಯ ಪರೀಕ್ಷೆ. ದನಿ ಯಾವಾಗ ಬರುತ್ತದೆಂದು ಗಮನಿಸಿ. ಇಬ್ಬನಿ ಬಿದ್ದ ನಸುಕಿನಲ್ಲಿ ಚಾಲೂ ಮಾಡಿದಾಗ ಒಂದು ನಿಮಿಷ ಕೂಗಿ ಸುಮ್ಮನಾದರೆ ಅದು ತೇವದ ದನಿ ಇರಬಹುದು. ದಿನವೂ ಹಾಗೇ ಆಗುತ್ತಿದ್ದರೆ ಬ್ಯಾಟರಿ ನೋಡಿಸಿ. ಖಾಲಿಯಾದ ಬ್ಯಾಟರಿಯನ್ನು ತುಂಬಲು ಆಲ್ಟರ್ನೇಟರು ಭಾರವಾಗಿ ತಿರುಗುತ್ತದೆ, ಅದರ ಪುಲ್ಲಿ ಎಲ್ಲಕ್ಕಿಂತ ಚಿಕ್ಕದು, ಬೆಲ್ಟು ಮೊದಲು ಜಾರುವುದು ಅಲ್ಲೇ. ದೊಡ್ಡ ದೀಪ ಹಚ್ಚಿದಾಗ, ಎ.ಸಿ. ಹಾಕಿದಾಗ, ಗಾಡಿಯ ವೇಗ ತಟ್ಟನೆ ಏರಿಸಿದಾಗ ಉದ್ದವಾಗಿ 'ಕೀಂ' ಎಂದರೆ ಬೆಲ್ಟು ಸಡಿಲ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಕೂಗಿದರೆ ಸ್ಟೇರಿಂಗ್ ಪಂಪಿನ ಬೆಲ್ಟು ನೋಡಬೇಕು. ಹಕ್ಕಿಯ ಹಾಗೆ 'ಚಿಕ್ ಚಿಕ್' ಎಂದು ತಾಳ ಹಿಡಿದು, ವೇಗದ ಜೊತೆ ತಾಳವೂ ಏರಿದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. 'ಗರ್ರ್' ಎಂದು ಬೀಸುಕಲ್ಲಿನ ಹಾಗೆ ಬಂದರೆ ಅದು ಬೆಲ್ಟಿನದಲ್ಲ, ಬೇರಿಂಗಿನದು.

ಎರಡನೆಯದು ಕಣ್ಣಿನ ಪರೀಕ್ಷೆ. ಎಂಜಿನ್ ಬಂದ್ ಮಾಡಿ, ಕೀಲಿ ತೆಗೆದು ಕಿಸೆಯಲ್ಲಿಟ್ಟುಕೊಂಡು, ಆರಿದ ಮೇಲೆ ನೋಡಿ. ಕೀಲಿ ನಿಮ್ಮ ಕಿಸೆಯಲ್ಲೇ ಇರಲಿ, ಹುಡುಗರು ಹತ್ತಿ ತಿರುಗಿಸಿಬಿಟ್ಟಾರು. ಈಗಿನ ಕಾರುಗಳ ವಿದ್ಯುತ್ ಫ್ಯಾನು ಎಂಜಿನ್ ಬಂದಾದ ಮೇಲೂ ತಾನೇ ತಿರುಗುವುದುಂಟು. ಬೆಲ್ಟನ್ನು ಸ್ವಲ್ಪ ಹೊರಳಿಸಿ ಪಕ್ಕೆ ನೋಡಿ. ಕನ್ನಡಿಯಂತೆ ಹೊಳೆಯುತ್ತಿದೆಯೇ, ಅಡ್ಡ ಬಿರುಕು ಇವೆಯೇ, ಅಂಚಿನಲ್ಲಿ ದಾರ ಕಿತ್ತು ಬಂದಿದೆಯೇ, ಎಣ್ಣೆ ಇಲ್ಲವೇ ರೇಡಿಯೇಟರಿನ ನೀರು ಸೋರಿ ಬಿದ್ದಿದೆಯೇ? ಈಗಿನ ಅಗಲವಾದ ಗೆರೆಗೆರೆಯ ಬೆಲ್ಟುಗಳ ರಬ್ಬರು ಬೇರೆ ಜಾತಿಯದು. ಅದು ಬೇಗ ಬಿರುಕು ಬಿಡದೆ ಟೈರಿನಂತೆ ಸವೆಯುತ್ತದೆ. ಬಿರುಕಿಲ್ಲವೆಂದ ಮಾತ್ರಕ್ಕೆ ಹೊಸದೆಂದು ತಿಳಿಯಬೇಡಿ, ಗೆರೆಗಳ ಆಳ ನೋಡಿ.

ಮೂರನೆಯದು ಹೆಬ್ಬೆರಳಿನ ಪರೀಕ್ಷೆ. ಎರಡು ಪುಲ್ಲಿಗಳ ನಡುವೆ ಬೆಲ್ಟು ಎಲ್ಲಿ ಹೆಚ್ಚು ಉದ್ದವಾಗಿದೆಯೋ ಅದರ ನಟ್ಟನಡುವೆ ಹೆಬ್ಬೆರಳಿನಿಂದ ಒತ್ತಿ. ಸಾಮಾನ್ಯ ಟ್ರ್ಯಾಕ್ಟರ್, ಜೀಪಿನಲ್ಲಿ ಸುಮಾರು ಅರ್ಧ ಇಂಚು ತಗ್ಗಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಒಂದಿಂಚು ಕುಗ್ಗಿದರೆ ಸಡಿಲ. ಸ್ವಲ್ಪವೂ ಬಗ್ಗದಿದ್ದರೆ ಅತಿ ಬಿಗಿ. ಅತಿ ಬಿಗಿಯಾದ ಬೆಲ್ಟು ಕೂಗುವುದಿಲ್ಲ, ಆದರೆ ನೀರಿನ ಪಂಪಿನ ಮತ್ತು ಆಲ್ಟರ್ನೇಟರಿನ ಬೇರಿಂಗನ್ನು ಸದ್ದಿಲ್ಲದೆ ಮುಗಿಸುತ್ತದೆ. ಸ್ಪ್ರಿಂಗಿನ ಟೆನ್ಶನರ್ ಇರುವ ಹೊಸ ಗಾಡಿಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಎಂಜಿನ್ ನಡೆಯುವಾಗ ಟೆನ್ಶನರಿನ ತೋಳು ಥರಥರ ನಡುಗುತ್ತಿದ್ದರೆ ದೂರದಿಂದಲೇ ನೋಡಿ ಮಿಸ್ತ್ರಿಗೆ ಹೇಳಿ.

ನಾಲ್ಕನೆಯದು ನೀರಿನ ಪರೀಕ್ಷೆ. ಕ್ಷೌರದ ಅಂಗಡಿಯಲ್ಲಿ ನೀರು ಸಿಂಪಡಿಸುವ ಬಾಟಲಿ ಇರುತ್ತದಲ್ಲ, ಅಂಥದ್ದು ಸಾಕು. ಎಂಜಿನ್ ನಡೆಯುತ್ತ ಕೂಗುತ್ತಿರುವಾಗ ಒಂದು ಮಾರು ದೂರದಿಂದ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಸಿಂಪಡಿಸಿ. ದನಿ ಮತ್ತಷ್ಟು ಜೋರಾದರೆ ಬೆಲ್ಟು ಜಾರುತ್ತಿದೆ, ಬಿಗಿ ಕಡಿಮೆಯಾಗಿದೆ. 'ಚಿಕ್ ಚಿಕ್' ದನಿ ಕೆಲವು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳ ಗೆರೆ ತಪ್ಪಿದೆ. ಎರಡೂ ಆಗದೆ ದನಿ ಇದ್ದಂತೆಯೇ ಇದ್ದರೆ ಬೇರಿಂಗ್ ಕಡೆ ನೋಡಿ. ಕೊಡದಿಂದ ನೀರು ಸುರಿಯಬೇಡಿ, ಪಕ್ಕದಲ್ಲೇ ವಿದ್ಯುತ್ ತಂತಿಗಳಿರುತ್ತವೆ.

ಐದನೆಯದು ಕೈಯ ಪರೀಕ್ಷೆ. ಬೆಲ್ಟು ಬಿಚ್ಚಿ ಪ್ರತಿಯೊಂದು ಪುಲ್ಲಿಯನ್ನೂ ಬೆರಳಿನಿಂದ ತಿರುಗಿಸಿ. ಒಳಗೆ ಮರಳು ಸಿಕ್ಕಿದಂತೆ ಒರಟಾಗಿ ತಿರುಗಿದರೆ, ಹಿಡಿದು ಅಲುಗಿಸಿದಾಗ ಅಲುಗಿದರೆ, ಆ ಬೇರಿಂಗ್ ಮುಗಿದಿದೆ. ಅದರ ಮೇಲೆ ಹೊಸ ಬೆಲ್ಟು ಹಾಕಿದರೆ ಹೊಸದೂ ಕೂಗುತ್ತದೆ. 'ಬೆಲ್ಟು ಖೋಟಾ ಕೊಟ್ಟ' ಎಂದು ಅಂಗಡಿಯವನ ಜೊತೆ ಜಗಳಾಡಿ ಉಪಯೋಗವಿಲ್ಲ.

ಸಡಿಲಾಗಿದ್ದರೆ ಬಿಗಿ ಮಾಡುವುದು ಕಷ್ಟದ ಕೆಲಸವಲ್ಲ. ಎರಡು ಪಾನಾ ಮತ್ತು ಒಂದು ಗಟ್ಟಿ ಕಟ್ಟಿಗೆಯ ತುಂಡು ಸಾಕು. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಆಲ್ಟರ್ನೇಟರಿಗೆ ಕೆಳಗೆ ಒಂದು ತಿರುಗಣಿ ಬೋಲ್ಟು, ಮೇಲೆ ಉದ್ದ ಸೀಳಿರುವ ಪಟ್ಟಿಯಲ್ಲಿ ಇನ್ನೊಂದು ಬೋಲ್ಟು ಇರುತ್ತದೆ. ಕೆಲವು ಗಾಡಿಗಳಲ್ಲಿ ಇದು ತಲೆಕೆಳಗಾಗಿರಬಹುದು. ಎರಡನ್ನೂ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಕಟ್ಟಿಗೆಯನ್ನು ಎಂಜಿನ್ ಮತ್ತು ಆಲ್ಟರ್ನೇಟರಿನ ನಡುವೆ ಇಟ್ಟು ಹೊರಗೆ ಮೀಟಿ. ಆಲ್ಟರ್ನೇಟರಿನ ತೆಳು ಅಲ್ಯುಮಿನಿಯಂ ಕವಚಕ್ಕೆ ಹಾರೆ ಕೊಟ್ಟರೆ ಒಡೆಯುತ್ತದೆ. ಗಟ್ಟಿಯಾದ ಮುಂಭಾಗಕ್ಕೆ ಮಾತ್ರ ಕೊಡಿ. ಬಿಗಿ ಹಿಡಿದಿರುವಂತೆಯೇ ಸೀಳಿನ ಬೋಲ್ಟನ್ನು ಮೊದಲು ಬಿಗಿದು, ಆಮೇಲೆ ತಿರುಗಣಿ ಬೋಲ್ಟನ್ನು ಬಿಗಿಯಿರಿ. ಮತ್ತೆ ಹೆಬ್ಬೆರಳಿನಿಂದ ಒತ್ತಿ ನೋಡಿ.

ಹೊಸ ಬೆಲ್ಟು ಹಾಕುವಾಗ ಹಳೆಯದನ್ನು ಎಸೆಯದೆ ಅಂಗಡಿಗೆ ಒಯ್ಯಿರಿ. ಅದರ ಬೆನ್ನ ಮೇಲೆ ಗುರುತು ಇರುತ್ತದೆ. 6 ಪಿಕೆ 1750 ಎಂದಿದ್ದರೆ ಆರು ಗೆರೆಯ ಬೆಲ್ಟು, ಉದ್ದ 1750 ಮಿಲಿಮೀಟರ್ ಎಂದರ್ಥ. ಐದು ಗೆರೆಯದು ಅಗ್ಗವಾಗಿ ಸಿಕ್ಕಿತೆಂದು ತರಬೇಡಿ. ಜೋಡಿ ಬೆಲ್ಟಿನ ಎಂಜಿನ್ನಿನಲ್ಲಿ ಒಂದು ಹರಿದರೂ ಎರಡನ್ನೂ ಬದಲಿಸಿ. ಹಳೆಯದು ಹಿಗ್ಗಿರುತ್ತದೆ, ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ. ಎತ್ತಿನ ಜೋಡಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪುಲ್ಲಿಯ ಗಾಡಿಯನ್ನು ಒಣ ಅರಿವೆಯಿಂದ ಚೆನ್ನಾಗಿ ಒರೆಸಿ. ಎಣ್ಣೆ ಸೋರಿದ್ದರೆ ಮೊದಲು ಸೋರುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಹೊಸ ಬೆಲ್ಟಿಗೂ ಅದೇ ಗತಿ. ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಿ ಪುಲ್ಲಿಯ ಮೇಲೆ ಏರಿಸಬೇಡಿ. ಒಳಗಿನ ಎಳೆಗಳು ಕಣ್ಣಿಗೆ ಕಾಣದಂತೆ ಹರಿಯುತ್ತವೆ. ಆಲ್ಟರ್ನೇಟರನ್ನು ಪೂರ್ತಿ ಒಳಗೆ ಸರಿಸಿದರೆ ಬೆಲ್ಟು ಕೈಯಿಂದಲೇ ಕೂಡುತ್ತದೆ. ಹೊಸ ಬೆಲ್ಟು ದುಡಿದಂತೆ ಸ್ವಲ್ಪ ಹಿಗ್ಗುತ್ತದೆ, ಒಂದೆರಡು ದಿನ ದುಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಎರಡು ಕಡೆ ಮಾತ್ರ ಕೈ ಹಾಕಬೇಡಿ. ಕೆಲವು ಕಾರುಗಳ ಎಂಜಿನ್ನಿನಲ್ಲಿ ಮುಚ್ಚಳದ ಒಳಗೆ ಹಲ್ಲಿನ ಟೈಮಿಂಗ್ ಬೆಲ್ಟು ಇರುತ್ತದೆ. ಅದು ತಪ್ಪಿ ಕೂತರೆ ಎಂಜಿನ್ನೇ ಹೋಗುತ್ತದೆ. ಗೇರಿಲ್ಲದ ಸ್ಕೂಟರಿನಲ್ಲಿ ಹಿಂದಿನ ಗಾಲಿಗೆ ಬಲ ಕೊಡುವ ಬೆಲ್ಟು ಕವಚದ ಒಳಗಿರುತ್ತದೆ. ಇವೆರಡನ್ನೂ ಪುಸ್ತಕದಲ್ಲಿ ಹೇಳಿದ ಅವಧಿಗೆ ಮಿಸ್ತ್ರಿಯ ಕೈಯಿಂದಲೇ ಬದಲಿಸಿರಿ.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಒಂದು ಎಚ್ಚರಿಕೆ. ತಿರುಗುವ ಬೆಲ್ಟಿನ ಹತ್ತಿರ ಧೋತರದ ಚುಂಗು, ಹೆಗಲ ಮೇಲಿನ ಟವೆಲು, ಪಟಗಾದ ತುದಿ, ಸೀರೆಯ ಸೆರಗು, ಕೈಯ ಕಡಗ ಇರಬಾರದು. ಗಿರಣಿಯಲ್ಲಾಗಲಿ ಗಾಡಿಯಲ್ಲಾಗಲಿ, ನಡೆಯುವ ಬೆಲ್ಟನ್ನು ಕೈಯಿಂದ ಮುಟ್ಟಿ ನೋಡುವ ಧೈರ್ಯ ಧೈರ್ಯವಲ್ಲ. ನಮ್ಮ ಓಣಿಯಲ್ಲಿ ಗಿರಣಿ ನಡೆಸುವ ಒಬ್ಬ ತಾಯಿ ಇದ್ದಾರೆ. ಮೋಟರಿನ ಸದ್ದು ಒಂದಿಷ್ಟು ಬದಲಾದರೂ ಹಿಟ್ಟಿನ ಕೈಯನ್ನು ಮೊದಲು ಸ್ವಿಚ್ಚಿಗೆ ಒಯ್ಯುತ್ತಾರೆ, ಆಮೇಲೆ ಪಟ್ಟಾದ ಕಡೆ ನೋಡುತ್ತಾರೆ. ಆ ಕ್ರಮವನ್ನು ನಾವೆಲ್ಲ ಕಲಿಯಬೇಕು.

ದಾರಿಯಲ್ಲೇ ಬೆಲ್ಟು ಹರಿದರೆ? ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ, ಬಿಸಿಯ ಮುಳ್ಳು ಏರುತ್ತದೆ, ಸ್ಟೇರಿಂಗ್ ಇಲ್ಲವೇ ಬ್ರೇಕು ಬಿಗಿಯಾಗಬಹುದು. ಊರು ಇನ್ನೇನು ಎರಡು ಮೈಲಿ ಎಂದು ಓಡಿಸಬೇಡಿ. ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಲೇಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಸೀಟಿನ ಕೆಳಗೆ ಒಂದು ಹೆಚ್ಚಿನ ಬೆಲ್ಟು, ಅದಕ್ಕೆ ಬೇಕಾದ ಎರಡು ಪಾನಾ ಇಟ್ಟುಕೊಂಡವರಿಗೆ ಇದು ಅರ್ಧ ತಾಸಿನ ಕೆಲಸ.

ಇನ್ನು ನಮ್ಮ ಗಡಿನಾಡಿನ ಒಂದು ಮಾತು. ಮನೆಯಲ್ಲಿ ಕನ್ನಡ, ಗ್ಯಾರೇಜಿನಲ್ಲಿ ಮರಾಠಿ. ಬಹಳ ಮಂದಿ ಮಿಸ್ತ್ರಿಯ ಮುಂದೆ 'ಆವಾಜ ಯೇತೋ' ಎಂದಷ್ಟೇ ಹೇಳಿ ನಿಲ್ಲುತ್ತಾರೆ. ಅವನು ತನಗೆ ತೋಚಿದ್ದನ್ನು ಬದಲಿಸುತ್ತಾನೆ, ಬಿಲ್ಲು ನಮಗೆ. ನಮ್ಮ ಸಡಿಲಕ್ಕೆ ಅವರು 'ಸೈಲ' ಅನ್ನುತ್ತಾರೆ, ನಮ್ಮ ಬಿಗಿಗೆ 'ಘಟ್ಟ' ಅನ್ನುತ್ತಾರೆ. ಪಾನಾ, ಪಟ್ಟಾ, ಬೇರಿಂಗ್ ಎರಡೂ ಕಡೆ ಒಂದೇ. ಯಾವಾಗ ಕೂಗುತ್ತದೆ, ಎಷ್ಟು ಹೊತ್ತು ಕೂಗುತ್ತದೆ, ನೀರು ಸಿಂಪಡಿಸಿದಾಗ ಏನಾಯಿತು, ಈ ಮೂರನ್ನು ಯಾವ ಭಾಷೆಯಲ್ಲಾದರೂ ಸರಿಯಾಗಿ ಹೇಳಿದರೆ ಒಳ್ಳೆಯ ಮಿಸ್ತ್ರಿಗೆ ಅರ್ಧ ಕೆಲಸ ಆದಂತೆ. ಕೆಟ್ಟ ಮಿಸ್ತ್ರಿಗೂ ಇವರಿಗೆ ತಿಳಿಯುತ್ತದೆ ಎಂಬ ಅಂಜಿಕೆ ಹುಟ್ಟುತ್ತದೆ.

ಖಂಡೇನವಮಿಯ ದಿನ ನಾವೆಲ್ಲ ಗಾಡಿ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆಯುತ್ತೇವೆ. ಅದರ ಹಿಂದೆಯೇ ಕಬ್ಬಿನ ಹಂಗಾಮು. ಈ ಸಲ ಪೂಜೆಗೆ ಮೊದಲು ಬಾನೆಟ್ ಎತ್ತಿ ಬೆಲ್ಟಿನ ಮೇಲೆ ಹೆಬ್ಬೆರಳು ಇಟ್ಟು ನೋಡಿ. ಮನೆಯ ಹುಡುಗ ಹುಡುಗಿಯರನ್ನೂ ಕರೆದು ತೋರಿಸಿ. ಮಾಲೆಯನ್ನು ರೇಡಿಯೇಟರಿಗೆ ಗಾಳಿ ತಾಗದಂತೆ ಕಟ್ಟಬೇಡಿ, ಅದರ ತುದಿ ಫ್ಯಾನಿನ ಕಡೆ ಜೋತು ಬೀಳದಿರಲಿ. ಐದು ನಿಮಿಷದ ಈ ಕೆಲಸ ಮಾಡಿದವನ ಕಂತು ವೇಳೆಗೆ ಸರಿಯಾಗಿ ಕೌಂಟರಿಗೆ ಬರುತ್ತದೆ ಎಂಬುದು ಒಬ್ಬ ಹಳೆಯ ಕಾರಕೂನನ ಅನುಭವ.